ಪಕ್ಕಾಸಿಲ್ಲದ ಮನೆಯಲ್ಲಿ ಸೌತೆಕಾಯಿ

ಫ್ರಿಜ್ಜಿನ ಕೆಳಗಿನ ಡಬ್ಬಿಯನ್ನು ಎಳೆದು ನೋಡಿದರೆ ಯಾವ ಮನೆಯವರ ಯೋಗ್ಯತೆಯೂ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಚೀಲದೊಳಗೆ ಬೆವತುಕೊಂಡ ಬೆಂಡೆ, ಯಾರೂ ತನ್ನದೆಂದು ಒಪ್ಪಿಕೊಳ್ಳದ ಕೊತ್ತಂಬರಿ ಕಟ್ಟು, ಒಂದು ಬದಿ ಒಣಗಿದ ಅರ್ಧ ನಿಂಬೆ. ತಿನ್ನಲು ಮನಸ್ಸಿಲ್ಲ, ಎಸೆಯಲು ಧೈರ್ಯವಿಲ್ಲ. ಆದ್ದರಿಂದ ತಣ್ಣಗೆ ಇಟ್ಟು ಬಾಗಿಲು ಮುಚ್ಚುತ್ತಾರೆ. ತರಕಾರಿಯನ್ನು ಕೆಡದಂತೆ ಕಾಪಾಡುವುದು ಎಂದು ಇದಕ್ಕೆ ಹೆಸರು. ಕಣ್ಣಿಗೆ ಬೀಳದಂತೆ ಕೆಡಿಸುವುದು ಎನ್ನುವುದು ಹೆಚ್ಚು ಸರಿ.

ಈ ಮಾತನ್ನು ಆಡಲು ನನಗೆ ಅಧಿಕಾರವಿದೆ. ಒಂದು ಮಳೆಗಾಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೌತೆಕಾಯಿಗಳನ್ನು ನಾನೇ ಕೈಯಾರೆ ಹೀಗೆ ಕಾಪಾಡಿ ಕೊಂದಿದ್ದೇನೆ.

ಆ ವರ್ಷ ಯಾವುದು ಎನ್ನುವುದರಲ್ಲಿ ನನಗೂ ಅಣ್ಣನಿಗೂ ಒಮ್ಮತವಿಲ್ಲ. ತೊಂಬತ್ತೊಂಬತ್ತು ಎಂದು ನಾನು, ಎರಡು ಸಾವಿರದ ಒಂದು ಎಂದು ಅವನು. ಎಷ್ಟು ಸೌತೆಕಾಯಿ ಎನ್ನುವುದರಲ್ಲಿಯೂ ಇಲ್ಲ. ಅಣ್ಣ ಎಲ್ಲವನ್ನೂ ದೊಡ್ಡದು ಮಾಡಿ ಹೇಳುತ್ತಾನೆ, ನಾನು ಎಲ್ಲವನ್ನೂ ದುಂಡಗೆ ಮಾಡಿ ಹೇಳುತ್ತೇನೆ. ಸರಿಯಾಗಿ ಎಣಿಸಿದವಳು ಅಮ್ಮ ಒಬ್ಬಳೇ. ಅವಳನ್ನು ಕೇಳಿದರೆ, "ಈಗ ಅದರಿಂದ ಎಂತ ಆಗಬೇಕು ನಿಮಗೆ?" ಎನ್ನುತ್ತಾಳೆ.

ಕಾಪುವಿನಲ್ಲಿ ನಮ್ಮದು ಹಂಚಿನ ಮನೆ. ಅಪ್ಪ ಹೋದ ಮೇಲೆ ಅಮ್ಮ, ಅಣ್ಣ, ನಾನು, ಮೂರೇ ಜನ. ಹಿತ್ತಲಿನ ಆಚೆಗೆ ಒಂದು ತುಂಡು ಗದ್ದೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಅದರಲ್ಲಿ ಅಮ್ಮ ಸೌತೆ ಹಾಕುತ್ತಿದ್ದಳು. ಉಪ್ಪು ಖಾರ ಹಚ್ಚಿ ಹಸಿಯಾಗಿ ತಿನ್ನುವ ಮುಳ್ಳುಸೌತೆಯಲ್ಲ, ಹುಳಿಗೆ ಹಾಕುವ ಗಟ್ಟಿ ಸೌತೆ. ಎಳತರಲ್ಲಿ ಹಸಿರು ಮೈಯ ಮೇಲೆ ಹಳದಿ ಗೆರೆ, ಬಲಿತಾಗ ಪೂರಾ ಹಳದಿ. ಏಪ್ರಿಲ್‌ನಲ್ಲಿ ಎರಡು ಬೆರಳು ತೊಟ್ಟು ಉಳಿಸಿ ಕೊಯ್ಯಬೇಕು. ನೀರು ಸೋಕಿಸಬಾರದು. ಬಾಳೆನಾರನ್ನು ಎರಡು ಕಡೆ ಸುತ್ತಿ ಪಕ್ಕಾಸಿಗೆ, ಅಂದರೆ ಮಾಡಿನ ಹಂಚನ್ನು ಹೊರುವ ಮರದ ಪಟ್ಟಿಗೆ, ತೂಗುಹಾಕಬೇಕು. ಒಂದಕ್ಕೊಂದು ತಾಗಬಾರದು. ಕೆಳಗಿನಿಂದ ಒಲೆಯ ಹೊಗೆ ಬರುತ್ತಿದ್ದರೆ ಒಳ್ಳೆಯದು. ಇಷ್ಟು ಮಾಡಿದರೆ ಮಳೆಗಾಲವಿಡೀ ಪೇಟೆಯ ತರಕಾರಿಯ ಮುಖ ನೋಡಬೇಕಾಗಿಲ್ಲ.

ಇದರಲ್ಲಿ ವಿಶೇಷವೇನೂ ಇಲ್ಲ, ಊರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಅಮ್ಮನ ಕ್ರಮದಲ್ಲಿ ಒಂದು ಹೆಚ್ಚಿನ ಹಟವಿತ್ತು. ಮೊದಲು ಮೆತ್ತಗಾಗುವ ಲಕ್ಷಣ ತೋರಿಸಿದ್ದು ಮೊದಲು ಹುಳಿಗೆ. ಹಾಗೆ ಒಂದೊಂದೇ ಇಳಿದು, ದೀಪಾವಳಿಯ ಹೊತ್ತಿಗೆ ಯಾವುದು ಇನ್ನೂ ಗಟ್ಟಿಯಾಗಿ ನೇತಾಡುತ್ತಿದೆಯೋ ಅದರ ಬೀಜ ಮಾತ್ರ ಮುಂದಿನ ಬಿತ್ತನೆಗೆ. ಎಷ್ಟೇ ದೊಡ್ಡ, ಎಷ್ಟೇ ಚಂದದ ಕಾಯಿಯಾದರೂ ಅದಕ್ಕೆ ಮೊದಲು ಸೋತರೆ ಅದರ ಬೀಜ ತಿಪ್ಪೆಗೆ. "ಬೇಗ ಸೋಲುವುದರ ಮಕ್ಕಳೂ ಬೇಗ ಸೋಲುತ್ತವೆ" ಎನ್ನುತ್ತಿದ್ದಳು. ಹೇಳುವಾಗ ನಮ್ಮಿಬ್ಬರ ಕಡೆ ನೋಡುತ್ತಿದ್ದಳೋ ಇಲ್ಲವೋ, ಅದು ನೆನಪಿಲ್ಲ. ನೋಡುತ್ತಿದ್ದಳು ಎಂದು ಬರೆದರೆ ಬರವಣಿಗೆ ಚಂದವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಹಾಗೆ ಬರೆಯುವುದಿಲ್ಲ.

ಅದು ಅವಳ ತಾಯಿಯ ಕೈಯಿಂದ ಬಂದ ತಳಿ. ಕಾರ್ಕಳದಲ್ಲಿದ್ದ ಅವಳ ತಂಗಿ ಆಗಲೇ ಅಂಗಡಿ ಬೀಜಕ್ಕೆ ಇಳಿದಿದ್ದಳು. ಆ ಕಾಯಿಗಳು ಚೌತಿಯ ಮುಖ ಕಾಣುತ್ತಿರಲಿಲ್ಲ. ಹಾಗಾಗಿ ಈ ತಳಿ ಉಳಿದದ್ದು ನಮ್ಮ ಪಕ್ಕಾಸಿನಲ್ಲಿ ಮಾತ್ರ. ಒಂದು ವರ್ಷ ದೀಪಾವಳಿಯ ತನಕ ಒಂದೂ ಬಾಳದಿದ್ದರೆ ಅಲ್ಲಿಗೆ ಮುಗಿಯಿತು.

ಅಂಥ ಪಕ್ಕಾಸನ್ನು ಅಣ್ಣ ಕಿತ್ತು ಹಾಕಿಸಿದ. ಅವನಿಗೆ ಮದುವೆಯ ಮಾತು ನಡೆದಿತ್ತು, ಹೆಣ್ಣಿನ ಕಡೆಯವರು ಉಡುಪಿಯವರು, ತಾರಸಿ ಮನೆ ಬೇಕು ಎಂದು ಅವರು ಹೇಳಿರಲಿಲ್ಲ, ಇವನೇ ಹೇಳಿಕೊಂಡಿದ್ದ. ಮೇ ತಿಂಗಳಲ್ಲಿ ಹಂಚು ಇಳಿಸಿ ಗೋಡೆ ಕೆಡವಿದರು. ಮಳೆ ಬಿಟ್ಟ ಮೇಲೆ ಹೊಸ ಮನೆ ಏಳುವವರೆಗೆ ಪರ್ಕಳದಲ್ಲಿ ಬಾಡಿಗೆ ಮನೆ. ಮಣಿಪಾಲದ ಒಂದು ಅಚ್ಚುಕೂಟದಲ್ಲಿ ನಾನು ಕರಡು ತಿದ್ದುತ್ತಿದ್ದೆ, ಅಣ್ಣನ ಕೆಲಸವೂ ಅಲ್ಲಿಯೇ ಹತ್ತಿರ, ಇಬ್ಬರಿಗೂ ಅನುಕೂಲ. ಅಮ್ಮನಿಗೆ ಅನುಕೂಲವೋ ಎಂದು ಕೇಳಿದ ನೆನಪು ನಮ್ಮಿಬ್ಬರಲ್ಲಿ ಯಾರಿಗೂ ಇಲ್ಲ. ಕೇಳಿರಲಿಲ್ಲ ಎಂದು ಇದರಿಂದ ತಿಳಿಯಬಹುದು.

ಟೆಂಪೋದಲ್ಲಿ ಮಂಚ, ಕಪಾಟಿನ ಜೊತೆ ಬೈಹುಲ್ಲು ತುಂಬಿದ ಗೋಣಿಗಳಲ್ಲಿ ಸೌತೆಕಾಯಿಗಳು ಬಂದವು. ಅಮ್ಮ ಒಳಗೆ ಕಾಲಿಟ್ಟು ಮೊದಲು ನೋಡಿದ್ದು ಮೇಲೆ.

"ಇದೆಂತ ಮನೆ? ಮೇಲೆ ಹಿಡಿದುಕೊಳ್ಳಲಿಕ್ಕೆ ಎಂತದೂ ಇಲ್ಲ."

"ಹಿಡಿದುಕೊಳ್ಳಲಿಕ್ಕೆ ನೀನು ಎಂತ ಬಾವಲಿಯಾ?" ಎಂದ ಅಣ್ಣ.

ಮನೆಯಲ್ಲಿ ನಾವಾಡುತ್ತಿದ್ದದ್ದು ತುಳು. ಕನ್ನಡಕ್ಕೆ ತರುವಾಗ ಈ ಮಾತುಗಳು ಸ್ವಲ್ಪ ಮೆತ್ತಗಾಗಿವೆ, ಓದುವವರು ಗಟ್ಟಿ ಮಾಡಿಕೊಂಡು ಓದಬೇಕು.

ಮನೆಯ ಮಾಲೀಕರು ಮೇಲಿನ ಮಹಡಿಯಲ್ಲಿದ್ದರು. ನಿವೃತ್ತರು. ಗೋಡೆಗೆ ಒಂದು ಮೊಳೆ ಹೊಡೆಯಬಾರದು ಎನ್ನುವುದು ಅವರ ಷರತ್ತು. ನಯವಾದ ಸುಣ್ಣದ ಆ ಸ್ಲ್ಯಾಬಿನಲ್ಲಿ ಇದ್ದದ್ದು ಮೂರು ಕೊಂಡಿ, ಮೂರರಲ್ಲಿಯೂ ಫ್ಯಾನು. ಅಮ್ಮ ಕಾಯಿಗಳನ್ನು ಮಂಚದ ಕೆಳಗೆ ಬೈಹುಲ್ಲಿನ ಮೇಲೆ ಒಂದೊಂದಾಗಿ ಮಲಗಿಸಿದಳು. ಮಳೆ ಹಿಡಿದು ಮೊಸಾಯಿಕ್ ನೆಲ ಬೆವರತೊಡಗಿತು. ಮೊದಲ ವಾರದಲ್ಲಿ ಎರಡು ಕೊಳೆತವು. ಆಮೇಲೆ ಅವಳು ಮನೆಯಲ್ಲಿ ಎಲ್ಲೆಲ್ಲಿ ಹಿಡಿತವಿದೆಯೋ ಅಲ್ಲೆಲ್ಲ ಕಟ್ಟತೊಡಗಿದಳು. ಕಿಟಕಿಯ ಸರಳಿಗೆ, ಬಾಗಿಲ ಪರದೆಯ ಕೋಲಿಗೆ, ಹಿಂದಿನ ಕೋಣೆಯ ಫ್ಯಾನಿಗೆ ಎರಡು. ಸೆಕೆಯಲ್ಲಿ ಸತ್ತರೂ ಆ ಫ್ಯಾನು ಹಾಕುವಂತಿರಲಿಲ್ಲ.

ಉಡುಪಿಯಿಂದ ಹೆಣ್ಣಿನ ತಂದೆ ಬಂದ ದಿನ ಅವರ ತಲೆಯ ಮೇಲೆ ಪರದೆಯ ಕೋಲಿನಿಂದ ಒಂದು ಹಳದಿ ಸೌತೆಕಾಯಿ ನೇತಾಡುತ್ತಿತ್ತು. ಅವರು ಕಾಫಿ ಕುಡಿಯುತ್ತ ಮೇಲೆ ನೋಡಿ, "ಇದೆಂತ, ದೃಷ್ಟಿಗಾ?" ಎಂದು ಕೇಳಿದರು.

"ಹುಳಿಗೆ" ಎಂದಳು ಅಮ್ಮ.

ಅಣ್ಣನ ಮುಖ ಆಗ ಹೇಗಿತ್ತು ಎಂದು ವಿವರಿಸುವುದು ಬೇಡ. ಮುಂದಿನ ವಾರ ಫ್ರಿಜ್ಜು ಬಂತು.

ಅದನ್ನು ತಂದು ನಿಲ್ಲಿಸಿದ್ದು ಅಡುಗೆಮನೆಯಲ್ಲಲ್ಲ, ಬಂದವರಿಗೆ ಕಾಣುವಂತೆ ಚಾವಡಿಯಲ್ಲಿ. ಮೇಲೆ ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂದಾನಿ, ಹಿಂದೆ ಹುಳದಂತೆ ಕೊರೆಯುವ ಸ್ಟೆಬಿಲೈಸರ್. ಅಣ್ಣ ಬಾಗಿಲು ತೆರೆದು ಒಳಗಿನ ದೀಪ ಹತ್ತುವುದನ್ನು ನನಗೆ ಎರಡು ಸಲ ತೋರಿಸಿದ. ಮೂರನೆಯ ಸಲ ನಾನೇ ತೆರೆದು ನೋಡಿದೆ. ಅಮ್ಮ ಎರಡು ದಿನಕ್ಕೆ ಕಾಪುವಿಗೆ ಹೋಗಿದ್ದಳು, ಹಳೆಯ ಮನೆಯ ಮರಮಟ್ಟಿನ ಮೇಲೆ ಹೊದೆಸಿದ ಟಾರ್ಪಾಲು ಗಾಳಿಗೆ ಹಾರಿದೆ ಎಂದು ನೆರೆಯವರು ಹೇಳಿ ಕಳಿಸಿದ್ದರು. ನಮಗೆ ಅಷ್ಟು ಸಾಕಾಯಿತು.

ನನ್ನ ಪಾಲು ಇಲ್ಲಿದೆ. ಆ ದಿನಗಳಲ್ಲಿ ಗೃಹಿಣಿಯರಿಗಾಗಿ ಒಂದು ಕೈಪಿಡಿಯ ಕರಡು ನನ್ನ ಮೇಜಿಗೆ ಬಂದಿತ್ತು. ಹಣ್ಣು ತರಕಾರಿ ಕೆಡದಂತೆ ಇಡುವ ಬಗ್ಗೆ ಅದರಲ್ಲಿ ಒಂದು ಅಧ್ಯಾಯ. ಚೆನ್ನಾಗಿ ತೊಳೆಯಿರಿ, ತೊಟ್ಟು ತೆಗೆಯಿರಿ, ಗಾಳಿಯಾಡದಂತೆ ಕಟ್ಟಿ ತಂಪಿನಲ್ಲಿಡಿ. ಯಾವ ತರಕಾರಿಗೆ ಎಂದು ಹೇಳಿರಲಿಲ್ಲ. ಮೆಂತೆಸೊಪ್ಪು, ಬಾಳೆಹಣ್ಣು, ಸೌತೆ, ಎಲ್ಲಕ್ಕೂ ಒಂದೇ ವೇದ. ಅದನ್ನು ಬರೆದವರು ಅಡುಗೆಮನೆಗೆ ಹೋಗುತ್ತಿದ್ದದ್ದು ಚಹಾ ಆಯಿತೇ ಎಂದು ಕೇಳಲಿಕ್ಕಿರಬೇಕು. ಅಂಥ ಪುಟಕ್ಕೆ ನಾನು ಅಲ್ಪವಿರಾಮಗಳನ್ನು ಹಾಕಿದ್ದೆ, ಮತ್ತು ನಾನೇ ಅಲ್ಪವಿರಾಮ ಹಾಕಿದ ವಾಕ್ಯ ತಪ್ಪಿರಲು ಸಾಧ್ಯ ಎಂದು ನನಗೆ ಹೊಳೆದಿರಲಿಲ್ಲ.

ಅಣ್ಣ ಮಂಚದ ಕೆಳಗಿನಿಂದ, ಕಿಟಕಿಯಿಂದ, ಫ್ಯಾನಿನಿಂದ ಕಾಯಿಗಳನ್ನು ಇಳಿಸಿದ. ನಾನು ಬಾಳೆನಾರು ಕತ್ತರಿಸಿ ಬಿಸಾಡಿದೆ. ಬಾವಿಯ ನೀರಿನಲ್ಲಿ ಒಂದೊಂದನ್ನೂ ಉಜ್ಜಿ ತೊಳೆದೆವು. ತೊಟ್ಟು ಇದ್ದರೆ ಡಬ್ಬಿಯೊಳಗೆ ಕೂರುವುದಿಲ್ಲ ಎಂದು ತೊಟ್ಟನ್ನು ಬುಡದಿಂದಲೇ ಕೊಯ್ದೆವು. ಎರಡೆರಡನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದೆವು. ಡಬ್ಬಿ ತುಂಬಿತು, ಮೇಲಿನ ಎರಡು ಹಲಗೆ ತುಂಬಿತು. ಒಂಬತ್ತು ಕಾಯಿ ಎಷ್ಟು ತಿರುಗಿಸಿದರೂ ಹಿಡಿಸಲಿಲ್ಲ. ತೀರ ದಪ್ಪ. ಅವುಗಳನ್ನು ತೊಳೆಯುವ ಕೆಲಸ ಉಳಿಯಿತು ಎಂದು ಮತ್ತೆ ಮಂಚದ ಕೆಳಗೆ ತಳ್ಳಿದೆವು.

ಈ ಒಂಬತ್ತನ್ನು ನಾವು ಉಳಿಸಿದೆವು ಎಂದು ಅಣ್ಣ ಈಗ ಹೇಳಿಕೊಳ್ಳುತ್ತಾನೆ. ಫ್ರಿಜ್ಜು ಒಂದು ಅಳತೆ ದೊಡ್ಡದಿದ್ದರೆ ಅವೂ ಹೋಗುತ್ತಿದ್ದವು.

ಮರುದಿನ ಸಂಜೆ ಅಮ್ಮ ಬಂದಳು. ಅಣ್ಣ ಬಾಗಿಲು ತೆರೆದು ದೀಪ ತೋರಿಸಿದ. ಅಮ್ಮ ಒಂದು ಚೀಲವನ್ನು ಬಿಚ್ಚಿ ಕಾಯಿಯ ತಲೆಯನ್ನು ಬೆರಳಿನಿಂದ ಸವರಿದಳು.

"ತೊಟ್ಟು ಎಲ್ಲಿ?"

"ತೆಗೆದದ್ದು. ಹಿಡಿಸುವುದಿಲ್ಲ" ಎಂದ ಅಣ್ಣ.

"ತೊಳೆದಿರಾ?"

"ಮಣ್ಣು ಇತ್ತು ಅಮ್ಮ, ಹಾಗೆಯೇ ಇಡಲಿಕ್ಕಾಗುತ್ತದಾ?" ಎಂದೆ ನಾನು. "ಪುಸ್ತಕದಲ್ಲಿಯೂ ಹಾಗೇ ಉಂಟು."

"ಯಾವ ಪುಸ್ತಕ?"

ಹೇಳಿದೆ.

"ಅದನ್ನು ಬರೆದವನ ಮನೆಯಲ್ಲಿ ಸೌತೆ ಎಷ್ಟು ತಿಂಗಳು ನಿಂತಿದೆಯಂತೆ?"

ಅವಳು ಬೈಯಲಿಲ್ಲ. ಬೈಯುವುದೆಂದರೆ ಸರಿಮಾಡಬಹುದು ಎಂಬ ಆಸೆ ಇರುವವರಿಗೆ. ಮಂಚದ ಕೆಳಗೆ ಬಗ್ಗಿ ಒಂಬತ್ತು ಕಾಯಿಗಳನ್ನು ಹೊರಗೆ ತೆಗೆದಳು, ಪ್ರತಿಯೊಂದರ ತೊಟ್ಟು ಮುಟ್ಟಿ ನೋಡಿದಳು. ಗೋಣಿಯಲ್ಲಿ ಹಾಕಿಕೊಂಡು ಮಳೆಯಲ್ಲಿಯೇ ಕೊಡೆ ಹಿಡಿದು ಹೊರಗೆ ಹೋದಳು.

ಪಕ್ಕದ ಜಾಗದಲ್ಲಿ ಒಂದು ಕಟ್ಟಡದ ಕೆಲಸ ನಡೆಯುತ್ತಿತ್ತು. ಅದರ ಬದಿಗೆ ಗಾಳಿಮರದ ಕಂಬ ನೆಟ್ಟು, ಮೇಲೆ ತಗಡು ಹೊದೆಸಿದ ಜೋಪಡಿ. ಬಾಗಲಕೋಟೆ ಕಡೆಯ ಒಬ್ಬ ಗಾರೆ ಮೇಸ್ತ್ರಿ ಮತ್ತು ಅವನ ಹೆಂಡತಿ ಅಲ್ಲಿದ್ದರು. ತಗಡಿನ ಕೆಳಗೆ ಅಡ್ಡಕ್ಕೆ ಕಟ್ಟಿದ ಕೋಲುಗಳಿದ್ದವು, ಕೆಳಗೆ ಸೌದೆ ಒಲೆ ಇತ್ತು, ಹೊಗೆ ಇತ್ತು. ನಮ್ಮ ಮನೆಯಲ್ಲಿ ಇಲ್ಲದ ಎಲ್ಲವೂ ಇತ್ತು. ಅವರ ಬಳಿ ಆವರೆಗೆ ನಮ್ಮ ಮನೆಯವರು ಯಾರೂ ಮಾತನಾಡಿರಲಿಲ್ಲ. ಅವರ ಮಾತು ಜೋರು, ಅವರ ಈರುಳ್ಳಿಯ ವಾಸನೆ ಕಿಟಕಿಗೆ ಬರುತ್ತದೆ ಎಂದು ಅಣ್ಣ ಒಂದೆರಡು ಸಲ ಮೂಗು ಮುಚ್ಚಿಕೊಂಡದ್ದುಂಟು. ಸೌತೆಕಾಯಿ ತೂಗುಹಾಕುವ ಅಗತ್ಯ ಬಿದ್ದದ್ದೇ ನೆರೆಕರೆ ಹುಟ್ಟಿತು. ಇದನ್ನು ಮನುಷ್ಯ ಸಂಬಂಧ ಎಂದು ಕರೆದು ಕಣ್ಣು ಒದ್ದೆ ಮಾಡಿಕೊಳ್ಳುವವರು ಬೇರೆ ಯಾರದಾದರೂ ಬರಹ ಓದುವುದು ಒಳ್ಳೆಯದು. ಅಮ್ಮನಿಗೆ ಬೇಕಾಗಿದ್ದದ್ದು ಕೋಲು ಮತ್ತು ಹೊಗೆ.

ಆ ಹೆಂಗಸು ಸೌತೆಕಾಯಿ ನೋಡಿ ನಕ್ಕಳಂತೆ. "ಅವ್ವಾರ, ಇವು ಹಣ್ಣಾಗಿ ಹೋಗ್ಯಾವಲ್ರಿ. ನಮ್ಮ ಕಡಿ ಇಂಥವು ದನಕ್ಕ ಹಾಕ್ತೀವಿ."

"ನಮ್ಮ ಕಡೆ ಇದನ್ನು ಮನುಷ್ಯರು ತಿನ್ನುತ್ತಾರೆ" ಎಂದು ಅಮ್ಮ ತನ್ನ ಪುಸ್ತಕದ ಕನ್ನಡದಲ್ಲಿ ಹೇಳಿದಳಂತೆ.

ಹೊರಗಿನವರ ಜೊತೆ ಆಡಲು ಅಮ್ಮನಿಗೆ ಇದ್ದದ್ದು ಶಾಲೆಯಲ್ಲಿ ಕಲಿತ ಕನ್ನಡ, ಅದನ್ನು ಇಸ್ತ್ರಿ ಹಾಕಿದ ಸೀರೆಯಂತೆ ಜಾಗ್ರತೆಯಿಂದ ಉಡುತ್ತಿದ್ದಳು. ಆ ಹೆಂಗಸಿನ ಕನ್ನಡ ಮೊಣಕಾಲ ತನಕ ಎತ್ತಿ ಕಟ್ಟಿದ ಸೀರೆ. ಎರಡೂ ಕನ್ನಡವೇ, ಆದರೆ ಮೊದಲ ದಿನಗಳಲ್ಲಿ ಕೈಸನ್ನೆಯೇ ಹೆಚ್ಚು ಕೆಲಸ ಮಾಡಿತು. ಒಂದು ಇನ್ನೊಂದಕ್ಕೆ ತಾಗಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು, ಗಾಳಿಗೆ ಆಡಬೇಕು.

ಅಮ್ಮ ದಿನಾ ಬೆಳಿಗ್ಗೆ ಹೋಗಿ ಒಂದೊಂದು ಕಾಯಿಯನ್ನೂ ಮೂಸಿ ನೋಡಿ ಬರುತ್ತಿದ್ದಳು.

"ಬಂದ್ರ್ಯಾ ಅವ್ವಾರ, ದೇವರ ದರ್ಶನಕ್ಕ?" ಎಂದು ಆ ಹೆಂಗಸು ಒಳಗಿನಿಂದ ಕೂಗುವುದು ನನಗೆ ಹಲ್ಲುಜ್ಜುವಾಗ ಕೇಳಿಸುತ್ತಿತ್ತು. "ಕಾಯಿ ಒಡಸ್ತೀರೇನು, ಕರ್ಪೂರ ಹಚ್ಚಲ್ಯಾ?"

ನಮ್ಮ ದೇವರು ಚಾವಡಿಯಲ್ಲಿತ್ತು. ಜುಲೈಯಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಹೋದಾಗ ಚೀಲಗಳು ಒಳಗೊಳಗೇ ಬೆವರುತ್ತಿದ್ದವು, ಬಂದಾಗ ಆ ಬೆವರು ತಣ್ಣಗಾಗುತ್ತಿತ್ತು. ಮೊದಲು ಕಾಯಿಗಳ ಮೈಮೇಲೆ ನೀರು ಹನಿಸಿದಂಥ ಕಲೆ, ಆಮೇಲೆ ಬೆರಳಿನಿಂದ ಒತ್ತಿದಂಥ ಗುಳಿ, ಆಮೇಲೆ ತೊಟ್ಟು ಕೊಯ್ದ ಜಾಗದಲ್ಲಿ ಬಿಳಿ ಅರಳೆ. ಹೊರಗೆ ತೆಗೆದು ಒಂದು ದಿನ ಇಟ್ಟರೆ ಲೋಳೆ. ಕಾಪುವಿನ ನೆರೆಯವರು ಕೊಟ್ಟು ಕಳಿಸಿದ ಮಟ್ಟುಗುಳ್ಳ ಬದನೆಗಳನ್ನೂ ಅಣ್ಣ ಅದರಲ್ಲಿಯೇ ಇಟ್ಟಿದ್ದ, ನಾಲ್ಕೇ ದಿನದಲ್ಲಿ ಅವು ಚರ್ಮ ಸಡಿಲವಾದ ಮುದುಕರಂತಾದವು. ತಪ್ಪು ಥರ್ಮೋಸ್ಟಾಟಿನದ್ದು ಎಂದು ಅಣ್ಣ ಅದನ್ನು ತಿರುಗಿಸಿದ. ಚೀಲದ ಪ್ಲಾಸ್ಟಿಕ್ ತೆಳು ಎಂದು ನಾನು ದಪ್ಪ ಚೀಲ ತಂದೆ. ಎರಡು ವಿದ್ಯಾವಂತ ತಲೆಗಳು ಒಂದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೊಳೆಯುವ ಸೌತೆಕಾಯಿಗೆ ಕಾರಣ ಹುಡುಕುವುದನ್ನು ಅಮ್ಮ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ನೋಡಿದಳು, ಒಳಗೆ ಹೋದಳು.

ಆ ತಿಂಗಳು ನಾವು ದಿನಕ್ಕೆರಡು ಹೊತ್ತು ಸೌತೆಕಾಯಿ ತಿಂದೆವು. ಕೊಳೆಯುವುದರ ಜೊತೆ ಓಟ. ಕೊಳೆತವೇ ಗೆದ್ದವು. ಉಳಿದ ಕೊನೆಯ ಆರೇಳನ್ನು ಅಣ್ಣ ಒಂದು ಬೆಳಿಗ್ಗೆ ಮಾಲೀಕರು ಏಳುವ ಮೊದಲು ಹೊರಗೆ ಕೊಂಡುಹೋಗಿ ಹೂತು ಬಂದ. ಮಾಡಿನ ಕೆಳಗೆ ಇದ್ದಿದ್ದರೆ ಅವುಗಳಲ್ಲಿ ಅರ್ಧವಾದರೂ ಚೌತಿ ದಾಟುತ್ತಿದ್ದವು.

"ಬೀಜವನ್ನು ಈಗಲೇ ತೆಗೆದಿಡು" ಎಂದು ಅಣ್ಣ ಅಮ್ಮನಿಗೆ ಸಲಹೆ ಕೊಟ್ಟ. "ಅಲ್ಲಿರುವ ಒಂಬತ್ತರಲ್ಲಿ ಒಂದನ್ನು ಕೊಯ್ದರೆ ಆಯಿತಲ್ಲ."

"ಯಾವ ಒಂದನ್ನು?" ಎಂದಳು ಅಮ್ಮ. "ಯಾವುದು ನಿಲ್ಲುತ್ತದೆ ಎಂದು ನಿನಗೆ ಈಗಲೇ ಗೊತ್ತುಂಟಾ?"

ಸೆಪ್ಟೆಂಬರ್ ಕೊನೆಗೆ ಮಳೆ ಸಡಿಲವಾಯಿತು, ಕಾಪುವಿನಲ್ಲಿ ಹೊಸ ಮನೆಯ ಪಂಚಾಂಗ, ಅಂದರೆ ಅಡಿಪಾಯ, ತೋಡಲು ಶುರುಮಾಡಿದರು. ಅಮ್ಮ ನಾಲ್ಕು ದಿನ ಅಲ್ಲಿಯೇ ನಿಂತಳು. ಅವಳು ಇಲ್ಲದಾಗ ಜೋಪಡಿಗೆ ಹೋಗಿ ಕಾಯಿ ನೋಡಿ ಬರುವ ಕೆಲಸ ನನ್ನದಾಗಿತ್ತು. ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಹೋದೆನೋ ಇಲ್ಲವೋ, ಖಚಿತವಿಲ್ಲ. ಹೋಗಿದ್ದೆ ಎಂದು ಆಗ ಅಮ್ಮನಿಗೆ ಹೇಳಿದ್ದೆ, ಹೇಳಿದ್ದು ಇಷ್ಟು ಚೆನ್ನಾಗಿ ನೆನಪಿರುವುದರಿಂದ ಹೋಗಿರಲಿಕ್ಕಿಲ್ಲ.

ಅವಳು ಬಂದು ನೋಡುವಾಗ ಜೋಪಡಿ ಇರಲಿಲ್ಲ. ನಾಲ್ಕು ಗುಂಡಿ, ಒಲೆಯ ಕಪ್ಪು, ಹರಿದ ಒಂದು ಸಿಮೆಂಟ್ ಚೀಲ. ಕಟ್ಟಡದ ಹೊರಗಿನ ಕೆಲಸ ಮುಗಿದಿತ್ತು, ಗುತ್ತಿಗೆದಾರ ತನ್ನ ಜನರನ್ನು ಬೇರೆ ಕಡೆಗೆ ಸಾಗಿಸಿದ್ದ.

ಅಮ್ಮ ಆ ಗುಂಡಿಗಳ ನಡುವೆ ನಿಂತು ಮೇಲೆ ನೋಡಿದಳು. ಅಲ್ಲಿ ಆಕಾಶ ಬಿಟ್ಟರೆ ಏನೂ ಇರಲಿಲ್ಲ.

ಮಾಲೀಕರು ಮಹಡಿಯಿಂದ ಬಗ್ಗಿ, "ಬಜಗೋಳಿಗೆ ಹೋದದ್ದು ಮಾರಾಯ್ತಿ, ಕುದುರೆಮುಖ ರಸ್ತೆಯಲ್ಲಿ ಯಾರದೋ ಮನೆಯ ಕೆಲಸವಂತೆ. ಅವರು ನಿಮ್ಮದು ಎಂತ ಕೊಂಡುಹೋದರು?" ಎಂದು ಆಸೆಯಿಂದ ಕೇಳಿದರು. ಕಳ್ಳತನದ ಕಥೆಯೊಂದು ಸಿಕ್ಕಿದರೆ ಅವರ ಆ ವಾರ ಚೆನ್ನಾಗಿ ಹೋಗುತ್ತಿತ್ತು.

"ಎಂತ ಇಲ್ಲ" ಎಂದಳು ಅಮ್ಮ.

"ತಿಂದು ಮುಗಿಸಿರುತ್ತಾರೆ. ಬಿಡು ಅಮ್ಮ, ಅಂಗಡಿಯಲ್ಲಿ ಒಳ್ಳೆಯ ಬೀಜ ಸಿಗುತ್ತದೆ" ಎಂದ ಅಣ್ಣ. ಅಮ್ಮ ಭಾನುವಾರ ಬೆಳಿಗ್ಗೆ ಸೀರೆ ಉಟ್ಟು, "ನೀನು ಬಾ" ಎಂದು ನನಗೆ ಹೇಳಿದಳು. ನೋಡಿಕೊಳ್ಳಬೇಕಾದವನು ನಾನಾಗಿದ್ದರಿಂದ ಕರೆದಳು, ಜೊತೆ ಬೇಕೆಂದಲ್ಲ.

ಹಿರಿಯಡ್ಕದ ತನಕ ನಿಂತುಕೊಂಡೇ ಹೋದೆವು. ಕಾರ್ಕಳದಲ್ಲಿ ಬಸ್ಸು ಬದಲಿಸುವಾಗ ನಾನು ಅವಳ ತಂಗಿಯ ಮನೆಗೆ ಹೋಗಿ ಊಟ ಮಾಡಿ ಹೊರಡೋಣವೇ ಎಂದೆ. "ಅವಳ ಹತ್ತಿರ ಎಂತ ಹೇಳುವುದು, ನಿನ್ನ ಹಾಗೆ ನಾನೂ ಕಳಕೊಂಡೆ ಎಂದಾ?" ಎಂದಳು. ದಾರಿಯಲ್ಲಿ ಅವಳು ಆಡಿದ್ದು ಅಷ್ಟೇ. ಒಂಬತ್ತರಲ್ಲಿ ಒಂದೂ ಉಳಿದಿಲ್ಲದಿದ್ದರೆ ಅಂಗಡಿ ಬೀಜದ ಪೊಟ್ಟಣ ಹಿಡಿದು ಗದ್ದೆಗೆ ಇಳಿಯಬೇಕಾದವಳು ಅವಳು. ಅವಳ ತಾಯಿಯ ಕಾಲದಿಂದ ಪ್ರತಿ ವರ್ಷ ಕೊನೆಗೆ ಉಳಿದದ್ದನ್ನೇ ಆರಿಸಿ ಆರಿಸಿ ತಂದದ್ದು ಎರಡು ಗಂಡುಮಕ್ಕಳ ಜಾಣತನಕ್ಕೆ ನಿಂತುಹೋಗುವುದಿತ್ತು.

ಬಜಗೋಳಿಯಲ್ಲಿ ಇಳಿದು ಕೇಳುತ್ತ ಹೋದೆವು. ರಸ್ತೆಯಿಂದ ಸ್ವಲ್ಪ ಒಳಗೆ ಅರ್ಧ ಎದ್ದ ಗೋಡೆಗಳು, ಬದಿಗೆ ಅದೇ ತಗಡು. ಹೆಂಗಸು ಹೊರಗೆ ಈರುಳ್ಳಿಯನ್ನು ಬಲೆಚೀಲದ ಮೇಲೆ ಹರವಿ, ಕೈಯಾಡಿಸಿ ಮೆತ್ತಗಾದವನ್ನು ಬೇರೆ ಮಾಡುತ್ತಿದ್ದಳು. ಅಮ್ಮನನ್ನು ನೋಡಿ ಏಳಲಿಲ್ಲ.

"ಏನ್ರಿ ಅವ್ವಾರ, ಇಲ್ಲಿತನಾ ಬಂದ್ರ್ಯಾ ದರ್ಶನಕ್ಕ?"

"ನೀವು ಹೇಳದೆ ಯಾಕೆ ಬಂದದ್ದು?"

"ಯಾರಿಗೆ ಹೇಳೂದು? ನೀವು ಇರಲಿಲ್ಲ. ನಿಮ್ಮ ಮಗ ಬರತಾನ ಅಂದಿದ್ರಿ, ಬರಲಿಲ್ಲ." ನನ್ನ ಕಡೆ ನೋಡಿದಳು. "ಇವರೇನು? ಬಂದಿದ್ರ ಅವರ ಕೈಯಾಗ ಕೊಟ್ಟು ಬರತಿದ್ದೆ. ಗಾಡಿ ಬಂತು, ಅರ್ಧ ತಾಸು ಟೈಮ ಕೊಟ್ಟ ಗುತ್ತಿಗೆದಾರ. ನನ್ನ ಭಾಂಡಿ ಸಾಮಾನ ಒಂದ ಕೈಯಾಗ, ನಿಮ್ಮ ಸೌತಿಕಾಯಿ ಒಂದ ಕೈಯಾಗ. ಬಿಟ್ಟು ಬರಬೇಕಾಗಿತ್ತೇನು, ದನಾ ತಿನ್ನಲಿ ಅಂತ?"

ಅಮ್ಮ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು.

"ಎಷ್ಟು ಉಂಟು?" ಎಂದಳು.

"ಐದು."

"ಒಂಬತ್ತು ಇತ್ತು."

"ನಾಲ್ಕು ತಿಂದೇವಿ" ಎಂದಳು ಹೆಂಗಸು, ಯಾವ ಅಳುಕೂ ಇಲ್ಲದೆ. "ಇಲ್ಲಿ ಬಂದಾಗ ಸಂತಿ ಎಲ್ಲಿ ಅಂತ ಗೊತ್ತಿರಲಿಲ್ಲ. ಮಳಿ ಬ್ಯಾರೆ. ಮೆತ್ತಗ ಆಗಾಕ ಹತ್ತಿದ್ದವು, ಅವನ್ನ ತಗದು ಶೇಂಗಾಪುಡಿ ಹಾಕಿ ಪಲ್ಯ ಮಾಡಿದ್ನಿ."

"ಶೇಂಗಾಪುಡಿ?" ಅಮ್ಮನ ಮುಖದಲ್ಲಿ ಆ ದಿನ ಮೊದಲ ಬಾರಿಗೆ ನಿಜವಾದ ನೋವು ಕಂಡಿತು. "ಸೌತೆಗಾ?"

"ಮತ್ತೇನು, ನಿಮ್ಮಂಗ ನೀರಾಗ ಈಸಾಕ ಬಿಡಬೇಕೇನು?"

"ಯಾವುದನ್ನು ತಿಂದಿರಿ? ಮೆತ್ತಗಾದದ್ದನ್ನೇ?"

"ಅಲ್ಲರಿ, ಗಟ್ಟಿ ಇದ್ದದ್ದು ಯಾರು ತಿಂತಾರ? ಅದು ನಿಲ್ಲತದಲ್ಲ. ಉಳ್ಳಾಗಡ್ಡಿ ಹಂಗ ಆರಸ್ತೀನಲ್ಲ ದಿನಾ, ಮೆತ್ತಂದು ಮೊದಲು."

ಅಮ್ಮ ಬಗ್ಗಿ ಜೋಪಡಿಯ ಒಳಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ. ತಗಡಿನ ಕೆಳಗೆ ಅಡ್ಡಕೋಲಿಗೆ ಐದು ಸೌತೆಕಾಯಿಗಳು, ನಡುವೆ ಒಂದೊಂದು ಗೇಣು ಬಿಟ್ಟು, ನೇತಾಡುತ್ತಿದ್ದವು. ಬಾಳೆನಾರು ದಾರಿಯಲ್ಲಿ ಹರಿದಿರಬೇಕು, ಈಗ ಸಿಮೆಂಟ್ ಚೀಲದ ದಾರ. ಹೊಗೆಗೆ ಮೈ ಕಂದು ತಿರುಗಿತ್ತು. ನಮ್ಮ ಹಳೆಯ ಅಡುಗೆಮನೆಯಲ್ಲಿ ಇದ್ದಹಾಗೆಯೇ ಇತ್ತು ಎಂದು ಬರೆಯಲು ಕೈ ಹೋಗುತ್ತದೆ. ಹಾಗೆ ಇರಲಿಲ್ಲ. ಅಲ್ಲಿ ಡೀಸೆಲ್ ವಾಸನೆ ಇತ್ತು, ಮೂಲೆಯಲ್ಲಿ ಸಲಿಕೆಗಳಿದ್ದವು. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಒಂದೊಂದನ್ನೂ ಮೂಸಿದಳು, ತೊಟ್ಟಿನ ಬುಡ ಒತ್ತಿದಳು, ಉಗುರಿನಿಂದ ತಟ್ಟಿದಳು. ಐದೂ ಗಟ್ಟಿ.

ನಾನು ತಂದ ಚೀಲವನ್ನು ಬಿಡಿಸಿ ಹಿಡಿದೆ.

"ಅದನ್ನು ಯಾಕೆ ಬಿಡಿಸಿದ್ದು?" ಎಂದಳು ತುಳುವಿನಲ್ಲಿ.

"ಕೊಂಡುಹೋಗಲಿಕ್ಕೆ ಬಂದದ್ದಲ್ವಾ?"

"ಎಲ್ಲಿಗೆ?"

ಪರ್ಕಳದ ನೆಲ ಇನ್ನೂ ಬೆವರುತ್ತಿತ್ತು. ಕಾಪುವಿನಲ್ಲಿ ತೋಡಿದ ಗುಂಡಿ ಬಿಟ್ಟರೆ ಏನೂ ಇರಲಿಲ್ಲ. ಫ್ರಿಜ್ಜು ಇತ್ತು. ದೀಪ ಹತ್ತುತ್ತಿತ್ತು.

ಅಮ್ಮ ಹೆಂಗಸಿನ ಕಡೆ ತಿರುಗಿ ತನ್ನ ಇಸ್ತ್ರಿಯ ಕನ್ನಡದಲ್ಲಿ ಹೇಳಿದಳು. "ಇದು ಇಲ್ಲಿಯೇ ಇರಲಿ. ದೀಪಾವಳಿಗೆ ನಾನು ಬರುತ್ತೇನೆ. ನೀವು ಇಲ್ಲಿಂದ ಬೇರೆ ಕಡೆಗೆ ಹೋಗುವುದಾದರೆ ಎದುರಿನ ಅಂಗಡಿಯಲ್ಲಿ ಹೇಳಿ ಹೋಗಿ. ಎಲ್ಲಿದ್ದರೂ ಬರುತ್ತೇನೆ."

"ಕಾಯ್ದದ್ದಕ್ಕ ನನಗೇನು?"

"ಮೊದಲು ಸೋತ ಎರಡು ನಿಮಗೆ. ಶೇಂಗಾಪುಡಿ ಹಾಕಬೇಡಿ."

"ನನ್ನ ಪಾಲಿಂದು ಆದ ಮ್ಯಾಲೆ ನಾ ಏನಾರ ಹಾಕತೀನಿ" ಎಂದಳು ಅವಳು. ಅಮ್ಮ ಇದನ್ನು ಒಂದು ಕ್ಷಣ ಯೋಚಿಸಿ, ತಲೆಯಾಡಿಸಿ ಒಪ್ಪಿಕೊಂಡಳು.

ಖಾಲಿ ಚೀಲ ಮಡಚಿಕೊಂಡು ನಾವು ಬಸ್ಸು ಹತ್ತಿದೆವು.

ದೀಪಾವಳಿಯ ವಾರ ಅಮ್ಮ ಒಬ್ಬಳೇ ಬಜಗೋಳಿಗೆ ಹೋಗಿ ಬಂದಳು. ನಾನು ಬರುತ್ತೇನೆ ಎಂದೆ, "ನಿನಗೆ ಅಲ್ಲಿ ಎಂತ ಕೆಲಸ?" ಎಂದಳು. ಕೈಯಲ್ಲಿ ಕಾಯಿ ಇರಲಿಲ್ಲ. ಅಲ್ಲಿಯೇ ಕೊಯ್ದು, ಬೀಜ ತೆಗೆದು, ಆ ಒಲೆಯ ಬೂದಿಯಲ್ಲಿಯೇ ಹೊರಳಿಸಿ ಒಣಗಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿರಬೇಕು. ಅದಕ್ಕೆ ಎರಡು ದಿನ ಬೇಕು, ಅವಳು ಮರಳಿ ಬಂದದ್ದು ಎರಡು ದಿನದ ಮೇಲೆಯೇ. ಎಲ್ಲಿ ಮಲಗಿದೆ ಎಂದು ನಾವು ಕೇಳಿದೆವು, ಅವಳು "ಜಾಗ ಇತ್ತು" ಎಂದಳು.

"ಎಷ್ಟು ಕಾಯಿ ಉಳಿದಿತ್ತು?" ಎಂದ ಅಣ್ಣ.

"ಸಾಕಾಗುವಷ್ಟು."

"ಬೀಜ ಕೊಡು. ಗಾಜಿನ ಬಾಟ್ಲಿಯಲ್ಲಿ ಹಾಕಿ ಭದ್ರವಾಗಿ ಇಡುವ" ಎಂದೆ ನಾನು.

ಅಮ್ಮ ಕಾಲು ತೊಳೆಯಲು ಬಚ್ಚಲಿಗೆ ಹೋದಳು. ಆ ಬೀಜವನ್ನು ಎಲ್ಲಿಟ್ಟಿದ್ದಾಳೆ ಎಂದು ನಮ್ಮಿಬ್ಬರಿಗೂ ಹೇಳಲಿಲ್ಲ. ತಾನಿಲ್ಲದಾಗ ನಾವು ಹುಡುಕಿದೆವೋ ಎಂದು ನೋಡಲು ಬೇಕಾದ ಗುರುತುಗಳನ್ನೂ ಇಟ್ಟಿದ್ದಳಂತೆ. ಜನವರಿಯಲ್ಲಿ ಕಾಪುವಿನ ಗದ್ದೆಯಲ್ಲಿ ಎರಡೆಲೆ ಎದ್ದ ಮೇಲೆಯೇ ಅದು ಬದುಕಿದೆ ಎಂದು ನಮಗೆ ಗೊತ್ತಾದದ್ದು.